ಒಂದೇ ಪಾಠ, ಹಲವು ಭಾಷೆ: ಅಧ್ಯಾಪಕರ ಸಹಯೋಗ ಮತ್ತು ಮಕ್ಕಳ ಕಲಿಕೆ

ಮುಂಬಯಿ ಮಹಾನಗರದ ಪಶ್ಚಿಮ ಉಪನಗರಗಳಲ್ಲಿ ಒಂದಾದ ಸಾಂತಾಕ್ರೂಜ್, ರೈಲುಮಾರ್ಗದ ಎರಡು ಬದಿಗಳಲ್ಲಿ ಪೂರ್ವ ಮತ್ತು ಪಶ್ಚಿಮವೆಂದು ಹರಡಿಕೊಂಡಿದೆ. ವಿದ್ಯಾಭ್ಯಾಸದ ದೃಷ್ಟಿಯಿಂದ ಇದು ಸಾಮಾನ್ಯ ಬಡಾವಣೆಯಲ್ಲ. ಪೂರ್ವಭಾಗದ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣವೂ ಅದರೊಳಗೆ ಕನ್ನಡ ಸ್ನಾತಕೋತ್ತರ ವಿಭಾಗವೂ ಇವೆ. ಪಶ್ಚಿಮಭಾಗದ ಜುಹೂ ತಾರಾ ರಸ್ತೆಯಲ್ಲಿ, ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದ ಒಂದು ಆವರಣವಿದೆ. ಕರಾವಳಿ ಕರ್ನಾಟಕದಿಂದ ಹೋಟೆಲು ಕೆಲಸಕ್ಕೂ ಕಚೇರಿ ಉದ್ಯೋಗಕ್ಕೂ ಬಂದು ನೆಲೆಸಿದ ಕುಟುಂಬಗಳು ಈ ಭಾಗದಲ್ಲಿ ಅನೇಕ. ಬಿಲ್ಲವರ ಭವನವೂ ಸಾಂತಾಕ್ರೂಜ್ ಪೂರ್ವದಲ್ಲಿಯೇ ಇದೆ. ಇಂತಹ ಕುಟುಂಬಗಳ ಮಗು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಓಣಿಯಲ್ಲಿ ಹಿಂದಿಯನ್ನು, ಬಸ್ಸಿನಲ್ಲಿ ಮರಾಠಿಯನ್ನು ಕೇಳುತ್ತ ಬೆಳೆಯುತ್ತದೆ. ಆ ಮಗುವಿನ ಶಾಲೆಯ ಅಧ್ಯಾಪಕರು ತಮ್ಮ ಸಹೋದ್ಯೋಗಿಗಳಿಂದ ಏನನ್ನು ಪಡೆಯಬಲ್ಲರು, ಅದರಿಂದ ಮಗುವಿಗೆ ಆಗುವ ಪ್ರಯೋಜನವೇನು ಎಂಬುದೇ ಈ ಲೇಖನದ ವಿಷಯ.

ಒಂದು ಕಟ್ಟಡ, ಹಲವು ಶಾಲೆ

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ ಎಂಬ 8 ಮಾಧ್ಯಮಗಳಲ್ಲಿ ಶಿಕ್ಷಣ ನೀಡುತ್ತ ಬಂದಿದೆ. ಜಾಗದ ಅಭಾವವಿರುವ ಈ ನಗರದಲ್ಲಿ ಒಂದೇ ಕಟ್ಟಡದಲ್ಲಿ ಎರಡು, ಮೂರು, ಕೆಲವೆಡೆ ಇನ್ನೂ ಹೆಚ್ಚು ಮಾಧ್ಯಮಗಳ ಶಾಲೆಗಳು ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳಲ್ಲಿ ನಡೆಯುವುದು ಸಾಮಾನ್ಯ. ಹೊರಗಿನ ಗೋಡೆಯೊಂದೇ ಆದರೂ ಒಳಗೆ ಪ್ರತಿ ಮಾಧ್ಯಮಕ್ಕೂ ಬೇರೆ ಮುಖ್ಯಾಧ್ಯಾಪಕರು, ಬೇರೆ ಹಾಜರಿ ಪುಸ್ತಕ, ಬೇರೆ ಸಿಬ್ಬಂದಿ. ಪಾಳಿ ಬದಲಾಗುವ ವೇಳೆಗೆ ಮೆಟ್ಟಿಲ ಮೇಲೆ ಎದುರಾದ ಅಧ್ಯಾಪಕರು ನಮಸ್ಕಾರ ಹೇಳಿ ಮುಂದೆ ಸಾಗುತ್ತಾರೆ. ಇಬ್ಬರ ಚೀಲದಲ್ಲಿಯೂ ಇರುವುದು ಒಂದೇ ಪುಸ್ತಕವೆಂಬುದು ಇಬ್ಬರಿಗೂ ಗೊತ್ತು. ಅದರ ಬಗ್ಗೆ ಮಾತಾಡುವ ಸಂದರ್ಭ ಮಾತ್ರ ಒದಗುವುದಿಲ್ಲ.

ಒಂದೇ ಪುಸ್ತಕವೆಂಬುದು ಅತಿಶಯೋಕ್ತಿಯಲ್ಲ. ಪುಣೆಯಲ್ಲಿ 1967ರ ಜನವರಿಯಲ್ಲಿ ಸ್ಥಾಪನೆಗೊಂಡ ಮಹಾರಾಷ್ಟ್ರ ರಾಜ್ಯ ಪಠ್ಯಪುಸ್ತಕ ಸಂಸ್ಥೆಯು, ಅಂದರೆ ಜನಸಾಮಾನ್ಯರು ‘ಬಾಲಭಾರತಿ’ ಎಂದು ಕರೆಯುವ ಸಂಸ್ಥೆಯು, ಮರಾಠಿಯಲ್ಲಿ ಮಾತ್ರವಲ್ಲದೆ ಕನ್ನಡ, ತೆಲುಗು, ಉರ್ದು, ಹಿಂದಿ, ಗುಜರಾತಿ ಮೊದಲಾದ ಭಾಷೆಗಳಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುತ್ತದೆ. ಭಾಷಾ ವಿಷಯಗಳನ್ನು ಬಿಟ್ಟರೆ, ಗಣಿತ ಮತ್ತು ವಿಜ್ಞಾನದ ಪಾಠಗಳು ಎಲ್ಲ ಮಾಧ್ಯಮಗಳಿಗೂ ಬಹುಮಟ್ಟಿಗೆ ಸಮಾನ. ಮಹಾರಾಷ್ಟ್ರದ ಕನ್ನಡ ಶಾಲೆಗಳಲ್ಲಿ ‘ಇಯತ್ತೆ’ ಎಂದು ಕರೆಯುವ ತರಗತಿಯಲ್ಲಿ, ಎರಡನೆಯ ಇಯತ್ತೆಯ ಕನ್ನಡ ಅಧ್ಯಾಪಕಿ ಈ ವಾರ ಕಲಿಸುವ ವ್ಯವಕಲನದ ಪಾಠವನ್ನೇ ಮೇಲಿನ ಮಹಡಿಯ ತೆಲುಗು ಅಧ್ಯಾಪಕಿಯೂ ಕೆಳಗಿನ ಮಹಡಿಯ ಮರಾಠಿ ಅಧ್ಯಾಪಕರೂ ಕಲಿಸುತ್ತಿರುತ್ತಾರೆ.

ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಈ ಸಂಗತಿ ಇತರರಿಗಿಂತ ಹೆಚ್ಚು ಮಹತ್ವದ್ದು. ಕಳೆದ ಕೆಲವು ದಶಕಗಳಲ್ಲಿ ನಗರದ ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ ಬಹಳ ಇಳಿದಿದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ ಪ್ರಕಾರ 1ರಿಂದ 5ನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇದ್ದರೆ ಇಬ್ಬರು ಅಧ್ಯಾಪಕರು ಎಂಬುದು ನಿಯಮ. ಇಬ್ಬರೇ ಇರುವ ಶಾಲೆಯಲ್ಲಿ ಎರಡನೆಯ ಇಯತ್ತೆಯ ಅಧ್ಯಾಪಕಿಗೆ ತನ್ನ ತರಗತಿಯ ಕಷ್ಟವನ್ನು ಹೇಳಿಕೊಳ್ಳಲು ಅದೇ ತರಗತಿಯನ್ನು ಕಲಿಸುವ ಇನ್ನೊಬ್ಬ ಕನ್ನಡ ಅಧ್ಯಾಪಕಿ ಆ ಕಟ್ಟಡದಲ್ಲಿ ಇರುವುದಿಲ್ಲ. ಅಂತಹವರಿಗೆ ಸಹೋದ್ಯೋಗಿಗಳು ಬೇಕಾದರೆ ಭಾಷೆಯ ಗಡಿಯನ್ನು ದಾಟಿಯೇ ಹುಡುಕಬೇಕು.

ಅಧ್ಯಾಪಕ ವೃತ್ತಿಯ ಈ ಏಕಾಂತ ನಮ್ಮಲ್ಲಿ ಮಾತ್ರ ಕಾಣುವ ವಿಷಯವೇನಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ ಅವರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಶಾಲೆಯನ್ನು ಮೊಟ್ಟೆಗಳ ಪೆಟ್ಟಿಗೆಗೆ ಹೋಲಿಸಿದ್ದರು. ಪ್ರತಿ ಮೊಟ್ಟೆಗೂ ಒಂದು ಗುಳಿ. ಒಂದಕ್ಕೊಂದು ತಾಗದಂತೆ ಜೋಡಣೆ.

ಸಂಖ್ಯೆಗಳ ಹೆಸರು ಹೇಳುವ ಕಥೆ

ಭಾಷೆ ಬೇರೆಯಾದ ಮೇಲೆ ಒಟ್ಟಿಗೆ ಕುಳಿತು ಪ್ರಯೋಜನವೇನು ಎಂಬ ಸಂದೇಹ ಸಹಜ. ಭಾಷೆ ಬೇರೆಯಾಗಿರುವುದೇ ಇಲ್ಲಿ ಲಾಭವೆಂಬುದನ್ನು ಒಂದು ಚಿಕ್ಕ ಉದಾಹರಣೆಯಿಂದ ವಿವರಿಸಬಹುದು.

ಅಧ್ಯಾಪಕರು ಉಕ್ತಲೇಖನಕ್ಕಾಗಿ ಇಪ್ಪತ್ತೊಂದು ಎಂಬ ಸಂಖ್ಯೆಯನ್ನು ಹೇಳುತ್ತಾರೆ ಎಂದು ಭಾವಿಸೋಣ. ಕನ್ನಡದಲ್ಲಿ ಮೊದಲು ಇಪ್ಪತ್ತು ಕೇಳಿಸುತ್ತದೆ, ಆಮೇಲೆ ಒಂದು. ಬರೆಯುವಾಗಲೂ ಮೊದಲು 2, ಆಮೇಲೆ 1. ಕಿವಿಯ ಕ್ರಮವೂ ಕೈಯ ಕ್ರಮವೂ ಒಂದೇ. ತೆಲುಗು, ತಮಿಳುಗಳಲ್ಲಿಯೂ ಹಾಗೆಯೇ. ಮರಾಠಿಯಲ್ಲಿ ಇದೇ ಸಂಖ್ಯೆ ‘ಏಕ್‌ವೀಸ್’. ಮೊದಲು ಒಂದು, ಆಮೇಲೆ ಇಪ್ಪತ್ತು. ಹಿಂದಿಯ ‘ಇಕ್ಕೀಸ್’, ಗುಜರಾತಿಯ ‘ಏಕ್‌ವೀಸ್’ ಕೂಡ ಇದೇ ಜಾತಿಯವು. ಮರಾಠಿ ಮಗು ಕೇಳಿದ ಕ್ರಮದಲ್ಲಿ ಬರೆದರೆ 21ರ ಬದಲು 12 ಆಗುತ್ತದೆ. ಇಪ್ಪತ್ತೊಂಬತ್ತಕ್ಕೆ ಬಂದರೆ ಇನ್ನೊಂದು ತೊಡಕು: ಮರಾಠಿಯ ‘ಏಕೋಣ್‌ತೀಸ್’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಕೇಳಿಸುವುದು ಒಂದು ಮತ್ತು ಮೂವತ್ತು, ಬರೆಯಬೇಕಾದುದು 29. ಈ ತೊಡಕನ್ನು ಕಡಿಮೆ ಮಾಡುವ ಉದ್ದೇಶದಿಂದ ಬಾಲಭಾರತಿಯು 2019ರ ಎರಡನೆಯ ಇಯತ್ತೆಯ ಮರಾಠಿ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂದು ಹತ್ತನ್ನು ಮೊದಲು ಹೇಳುವ ಕ್ರಮವನ್ನು ಸೇರಿಸಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಶತಮಾನಗಳಿಂದ ಬಂದ ನುಡಿಯನ್ನು ಬದಲಿಸಬಾರದೆಂದು ಕೆಲವರು, ಮಗುವಿನ ಕಷ್ಟ ನೋಡಬೇಕೆಂದು ಕೆಲವರು ವಾದಿಸಿದರು. ಕನ್ನಡ ಮತ್ತು ತೆಲುಗು ಶಾಲೆಗಳ ಅಧ್ಯಾಪಕರಿಗೆ ಈ ಚರ್ಚೆಯಲ್ಲಿ ಹೇಳಲು ಬಹಳವಿತ್ತು ಎಂದು ಈ ಲೇಖಕನ ಭಾವನೆ. ಹತ್ತನ್ನು ಮೊದಲು ಹೇಳುವ ಭಾಷೆಯ ಮಕ್ಕಳನ್ನು ದಿನವೂ ಕಾಣುವವರು ಅವರು.

ಕನ್ನಡಕ್ಕೆ ತನ್ನದೇ ಆದ ತೊಡಕುಗಳಿಲ್ಲವೆಂದಲ್ಲ. ‘ಎಪ್ಪತ್ತು’ ಮತ್ತು ‘ಎಂಬತ್ತು’, ‘ಒಂಬತ್ತು’ ಮತ್ತು ‘ತೊಂಬತ್ತು’ ಗದ್ದಲದ ತರಗತಿಯಲ್ಲಿ ಒಂದೇ ಬಗೆಯಾಗಿ ಕೇಳಿಸಬಲ್ಲವು. ಇದಲ್ಲದೆ ಸಾಂತಾಕ್ರೂಜ್‌ನ ಮಗು ಅಂಗಡಿಯಲ್ಲಿ, ಆಟದಲ್ಲಿ ಮರಾಠಿ ಅಥವಾ ಹಿಂದಿಯ ಎಣಿಕೆಯನ್ನೇ ಮೊದಲು ಕಲಿತಿರಲು ಸಾಧ್ಯ. ಅಂತಹ ಮಗು ಕನ್ನಡ ತರಗತಿಯಲ್ಲಿ ಕುಳಿತು 21ನ್ನು 12 ಎಂದು ಬರೆದರೆ, ಅದರ ಮೂಲ ಕನ್ನಡದಲ್ಲಿ ಸಿಗುವುದಿಲ್ಲ. ಕೆಳಗಿನ ಮಹಡಿಯ ಮರಾಠಿ ಅಧ್ಯಾಪಕರಿಗೆ ಅದು ನೋಡಿದೊಡನೆಯೇ ತಿಳಿಯುತ್ತದೆ.

ಈಗ ಮತ್ತೊಂದು ಬಗೆಯ ತಪ್ಪನ್ನು ನೋಡೋಣ. ‘ನೂರ ಐದು’ ಎಂದಾಗ ಮಗು 1005 ಎಂದು ಬರೆಯುತ್ತದೆ. ನೂರಕ್ಕೆ 100, ಅದರ ಪಕ್ಕದಲ್ಲಿ 5. ಹಾಗೆಯೇ 52ರಿಂದ 27ನ್ನು ಕಳೆಯಲು ಹೇಳಿದರೆ 35 ಎಂದು ಬರೆಯುತ್ತದೆ. ಬಿಡಿ ಸ್ಥಾನದಲ್ಲಿ 2ರಿಂದ 7ನ್ನು ಕಳೆಯಲಾಗದೆಂದು 7ರಿಂದಲೇ 2ನ್ನು ಕಳೆದಿದೆ. ಈ ಎರಡು ತಪ್ಪುಗಳು ಯಾವುದೇ ಮಾಧ್ಯಮದ ತರಗತಿಯಲ್ಲಿ ಕಂಡುಬರುವಂಥವು. ನಾಲ್ಕು ಭಾಷೆಗಳ ಅಧ್ಯಾಪಕರು ತಮ್ಮ ಮಕ್ಕಳ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿದರೆ, 1005 ಎಂಬ ಉತ್ತರ ಎಲ್ಲ ರಾಶಿಗಳಲ್ಲಿಯೂ ಸಿಗುತ್ತದೆ. 12 ಎಂಬ ಉತ್ತರ ಕೆಲವು ರಾಶಿಗಳಲ್ಲಿ ಮಾತ್ರ. ಎಲ್ಲೆಡೆ ಇರುವ ತಪ್ಪು ಸ್ಥಾನಬೆಲೆಯ ತಿಳಿವಳಿಕೆಗೆ ಸೇರಿದ್ದು. ಕೆಲವೆಡೆ ಮಾತ್ರ ಇರುವುದು ಭಾಷೆಗೆ ಸೇರಿದ್ದು. ಮೊದಲನೆಯದಕ್ಕೆ ಹತ್ತು ಹತ್ತು ಕಡ್ಡಿಗಳ ಕಟ್ಟು, ಬಿಡಿ ಕಡ್ಡಿ, ಮತ್ತೆ ಕಟ್ಟು ಬಿಚ್ಚುವ ಅಭ್ಯಾಸ ಬೇಕು. ಎರಡನೆಯದಕ್ಕೆ ಸಂಖ್ಯೆಯನ್ನು ಕೇಳಿ, ಹೇಳಿ, ಬರೆಯುವ ಅಭ್ಯಾಸ ಬೇಕು. ತನ್ನ ಮಕ್ಕಳ ಪುಸ್ತಕಗಳನ್ನು ಮಾತ್ರ ನೋಡುವ ಅಧ್ಯಾಪಕರಿಗೆ ಈ ಭೇದ ಗೋಚರವಾಗುವುದು ಕಷ್ಟ. ಎರಡೂ ‘ಗಮನವಿಲ್ಲದ ಮಗು’ ಎಂಬ ಒಂದೇ ಷರಾದಲ್ಲಿ ಮುಚ್ಚಿಹೋಗುತ್ತವೆ. ಎರಡನೆಯ ಇಯತ್ತೆಯಲ್ಲಿ ಈ ಷರಾ ಪಡೆದ ಮಗು ಐದನೆಯದಕ್ಕೆ ಬರುವ ವೇಳೆಗೆ ಗಣಿತವೇ ತನಗೆ ಹೇಳಿದ್ದಲ್ಲ ಎಂದು ನಿಶ್ಚಯಿಸಿಕೊಂಡಿರುತ್ತದೆ.

ಮುಂಬಯಿಗೆ ಈ ಬಗೆಯ ವಿಚಾರ ಹೊಸದಲ್ಲ. 1974ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ತನ್ನ ಆರಂಭದ ವರ್ಷಗಳಲ್ಲಿ ನಾನಾ ಚೌಕದ ಪಾಲಿಕೆ ಶಾಲಾ ಕಟ್ಟಡದಲ್ಲಿಯೇ ಕೆಲಸ ಮಾಡುತ್ತಿತ್ತು. ವಿಜ್ಞಾನ ಪಾಠದಲ್ಲಿ ಹಿಂದೆ ಬೀಳುವ ಬಡ ಮಕ್ಕಳ ಕಷ್ಟ ಅನೇಕ ವೇಳೆ ಪುಸ್ತಕದ ಭಾಷೆಯಲ್ಲಿರುತ್ತದೆ ಎಂಬುದನ್ನು ಅಲ್ಲಿನ ವಿ. ಜಿ. ಕುಲಕರ್ಣಿ ಮತ್ತು ಅವರ ಸಂಗಡಿಗರು 1980ರ ಸುಮಾರಿಗೇ ತೋರಿಸಿಕೊಟ್ಟಿದ್ದರು.

ಮುಯ್ಯಾಳಿನ ಕ್ರಮ

ಸುತ್ತೋಲೆಗಳಲ್ಲಿ ಬರುವ ‘ಸಹಯೋಗ’ ಎಂಬ ಶಬ್ದವನ್ನು ಈ ಲೇಖಕನು ವೃತ್ತಿಯ ನಿಮಿತ್ತ ಎಷ್ಟೋ ಬಾರಿ ಕನ್ನಡಿಸಿದ್ದುಂಟು. ಶಬ್ದ ಸರಿಯಾಗಿದೆ, ಆದರೆ ಅದನ್ನು ಓದಿದವರ ಕಣ್ಣ ಮುಂದೆ ಯಾವ ಚಿತ್ರವೂ ಮೂಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಹಳೆಯ, ಹೆಚ್ಚು ಸ್ಪಷ್ಟವಾದ ಮಾತೊಂದಿದೆ: ಮುಯ್ಯಾಳು. ಇಂದು ನಾನು ನಿನ್ನ ಗದ್ದೆಯ ನಾಟಿಗೆ ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಲೆಕ್ಕ ದುಡ್ಡಿನಲ್ಲಿ ಇಲ್ಲ, ದುಡಿಮೆಯಲ್ಲಿ ಇದೆ. ಗದ್ದೆ ಯಾರದೋ ಅವರು ಯಜಮಾನರು. ಬಂದವರು ತಪ್ಪು ಹುಡುಕಲು ಬಂದವರಲ್ಲ.

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ‘ಪಾಠ ಅಧ್ಯಯನ’ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಮೂರು ನಾಲ್ಕು ಅಧ್ಯಾಪಕರು ಒಟ್ಟಿಗೆ ಕುಳಿತು ಒಂದೇ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಯಾವ ಪ್ರಶ್ನೆ ಕೇಳಬೇಕು, ಅದಕ್ಕೆ ಮಕ್ಕಳು ಯಾವ ಯಾವ ಉತ್ತರ ಹೇಳಬಹುದು ಎಂಬುದನ್ನು ಮುಂಚಿತವಾಗಿ ಊಹಿಸುತ್ತಾರೆ. ಒಬ್ಬರು ಆ ಪಾಠವನ್ನು ತಮ್ಮ ತರಗತಿಯಲ್ಲಿ ಕಲಿಸುತ್ತಾರೆ. ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡುತ್ತಾರೆ. ಆಮೇಲಿನ ಚರ್ಚೆಯಲ್ಲಿ ಮಾತು ಪಾಠದ ಬಗ್ಗೆ ಇರುತ್ತದೆ, ಕಲಿಸಿದವರ ಬಗ್ಗೆ ಇರುವುದಿಲ್ಲ; ಪಾಠವು ಎಲ್ಲರೂ ಕೂಡಿ ಮಾಡಿದ್ದಾದುದರಿಂದ ಅದರ ಲೋಪವೂ ಎಲ್ಲರದು. 1990ರ ದಶಕದಲ್ಲಿ ಹಲವು ದೇಶಗಳ ತರಗತಿಗಳನ್ನು ಚಿತ್ರೀಕರಿಸಿ ಹೋಲಿಸಿದ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ಅಮೆರಿಕನ್ ವಿದ್ವಾಂಸರು 1999ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ಪದ್ಧತಿ ಹೊರದೇಶಗಳಿಗೆ ವಿಶೇಷವಾಗಿ ಪರಿಚಿತವಾಯಿತು.

ನಮ್ಮ ಪರಿಸ್ಥಿತಿಯಲ್ಲಿ ಇದರ ಪೂರ್ಣ ಅನುಕರಣೆ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಎರಡು ಅಂಶಗಳನ್ನು ಬಿಡದೆ ಹಿಡಿದುಕೊಂಡರೆ ಸಾಕು. ಮೊದಲನೆಯದಾಗಿ, ಮೇಜಿನ ಮೇಲೆ ಮಕ್ಕಳ ಬರವಣಿಗೆ ಇರಬೇಕು. ಬರವಣಿಗೆ ಇಲ್ಲದ ಸಭೆ ಬಹು ಬೇಗ ವರ್ಗಾವಣೆ, ಸಮೀಕ್ಷೆಯ ಕೆಲಸ, ಪೋಷಕರ ಉದಾಸೀನತೆ ಮುಂತಾದ ವಿಷಯಗಳ ಕಡೆಗೆ ಜಾರುತ್ತದೆ. ಈ ದೂರುಗಳು ಸುಳ್ಳಲ್ಲ. ಆದರೆ 52ರಿಂದ 27ನ್ನು ಕಳೆಯಲಾರದ ಮಗುವಿಗೆ ಅವುಗಳಿಂದ ಸಹಾಯವಾಗದು. ಎರಡನೆಯದಾಗಿ, ಇನ್ನೊಬ್ಬರ ತರಗತಿಗೆ ಹೋದವರು ಅಲ್ಲಿ ಕಂಡುದನ್ನು ವರದಿಯಾಗಿ ಬರೆದು ಮೇಲಿನವರಿಗೆ ಕಳುಹಿಸಬಾರದು. ತಪಾಸಣೆಯ ವಾಸನೆ ಬಂದ ಕ್ಷಣವೇ ಅಧ್ಯಾಪಕರು ತಮ್ಮ ಅತ್ಯುತ್ತಮ ಪಾಠವನ್ನು ಪ್ರದರ್ಶಿಸತೊಡಗುತ್ತಾರೆ, ಕಷ್ಟದ ಪಾಠವನ್ನು ಬಚ್ಚಿಡುತ್ತಾರೆ. ಮುಖ್ಯಾಧ್ಯಾಪಕರು ಈ ಸಭೆಯಲ್ಲಿ ಕುಳಿತುಕೊಳ್ಳಬಾರದೆಂದಲ್ಲ. ತಾವೂ ಒಂದು ತರಗತಿಯ ಪುಸ್ತಕಗಳನ್ನು ಹಿಡಿದು ಬಂದರೆ ಕುಳಿತುಕೊಳ್ಳಬಹುದು.

ಭಾಷೆ ತಿಳಿಯದ ತರಗತಿಯಲ್ಲಿ ಕುಳಿತು ನೋಡುವುದು ಹೇಗೆ ಎಂದು ಕೇಳಬಹುದು. ಮುಂಬಯಿಯ ಕನ್ನಡ ಅಧ್ಯಾಪಕರಿಗೆ ಮರಾಠಿ, ಹಿಂದಿಗಳು ಅಪರಿಚಿತವಲ್ಲ. ತೆಲುಗು ತರಗತಿಯಲ್ಲಿ ಮಾತು ಪೂರ್ಣ ತಿಳಿಯದಿದ್ದರೂ ಮಕ್ಕಳ ಬೆರಳು, ಪಾಟಿ, ಮುಖ ತಿಳಿಯುತ್ತವೆ. ಮಾತು ಅರ್ಥವಾಗದಾಗ ನೋಟ ಅಧ್ಯಾಪಕರನ್ನು ಬಿಟ್ಟು ಮಕ್ಕಳ ಮೇಲೆ ನೆಲೆಸುವುದೂ ಒಂದು ಅನುಕೂಲವೇ.

ಹಿಂದಿನ ಪ್ರಯತ್ನಗಳು

ಅಧ್ಯಾಪಕರನ್ನು ಒಟ್ಟುಗೂಡಿಸಬೇಕೆಂಬ ಆಲೋಚನೆ ನಮ್ಮ ಸರ್ಕಾರಗಳಿಗೆ ಹೊಳೆದಿರಲಿಲ್ಲವೆಂದು ತಿಳಿಯಬಾರದು. 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗವು, ಪ್ರೌಢಶಾಲೆಯೊಂದರ ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ‘ಶಾಲಾ ಸಂಕೀರ್ಣ’ವಾಗಿ ಜೋಡಿಸಿ, ಒಂಟಿಯಾಗಿ ದುಡಿಯುವ ಚಿಕ್ಕ ಶಾಲೆಗಳ ಅಧ್ಯಾಪಕರಿಗೆ ಒಡನಾಟ ಒದಗಿಸಬೇಕೆಂದು ಸಲಹೆ ಮಾಡಿತ್ತು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಸಮೂಹ ಸಂಪನ್ಮೂಲ ಕೇಂದ್ರಗಳನ್ನು ತಂದಿತು. ಕರ್ನಾಟಕದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳು ಅದರ ಮೊದಲ ಹಂತದಲ್ಲಿದ್ದವು. ಕರ್ನಾಟಕದ ಅಧ್ಯಾಪಕರಿಗೆ ಈ ಕೇಂದ್ರಗಳ ಸಮಾಲೋಚನಾ ಸಭೆಗಳು ಚಿರಪರಿಚಿತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಸಂಕೀರ್ಣದ ಮಾತನ್ನು ಮತ್ತೆ ಎತ್ತಿ, ಪ್ರತಿ ಅಧ್ಯಾಪಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿಯ ಅವಕಾಶವಿರಬೇಕೆಂದು ಹೇಳಿದೆ. ಅರ್ಧ ಶತಮಾನಕ್ಕೂ ಹಿಂದಿನ ಸಲಹೆಯನ್ನು ಪುನಃ ಮಾಡಬೇಕಾಗಿ ಬಂದದ್ದೇ ಅದರ ಅನುಷ್ಠಾನದ ಕಥೆಯನ್ನು ಹೇಳುತ್ತದೆ.

ಕನ್ನಡನಾಡಿನ ಅತ್ಯಂತ ಉಪಯುಕ್ತ ಉದಾಹರಣೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನದು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಅಲ್ಲಿ ‘ನಲಿ-ಕಲಿ’ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲಾ ಅಧ್ಯಾಪಕರು ತಾವೇ ಕುಳಿತು ಪಾಠಗಳನ್ನು ಚಿಕ್ಕ ಮೆಟ್ಟಿಲುಗಳಾಗಿ ಒಡೆದರು, ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ತರಗತಿಯಲ್ಲಿ ಪ್ರಯೋಗಿಸಿ ತಿದ್ದಿದರು. ಪದ್ಧತಿಯ ಜೀವ ಇದ್ದುದು ಕಾರ್ಡುಗಳಲ್ಲಿ ಎನ್ನುವುದಕ್ಕಿಂತ ಆ ಬರೆಯುವ, ತಿದ್ದುವ ಕೆಲಸದಲ್ಲಿ. 2009-10ರಲ್ಲಿ ಇದನ್ನು ರಾಜ್ಯವ್ಯಾಪಿಯಾಗಿ ವಿಸ್ತರಿಸಿದಾಗ ಕಾರ್ಡುಗಳು ಮುದ್ರಿತವಾಗಿ ಬಂದವು. ಸಾವಿರಾರು ಶಾಲೆಗಳಿಗೆ ತಲುಪಿಸಲು ಬೇರೆ ದಾರಿ ಇರಲಿಲ್ಲವೆಂಬುದು ನಿಜ. ಆದರೂ ಕಾರ್ಡನ್ನು ಬರೆದ ಅಧ್ಯಾಪಕರಿಗೆ ಅದು ಏಕೆ ಹಾಗಿದೆ ಎಂಬುದು ಗೊತ್ತಿತ್ತು. ಕಾರ್ಡನ್ನು ಪಡೆದವರು ಅದನ್ನು ನಂಬಿಕೆಯ ಮೇಲೆ ಸ್ವೀಕರಿಸಬೇಕಾಯಿತು.

ಸಮಯದ ಪ್ರಶ್ನೆ

ಎರಡು ಪಾಳಿಗಳ ಕಟ್ಟಡದಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯು ಅಧ್ಯಾಪಕರ ಕೆಲಸದ ಅವಧಿಯನ್ನು ವಾರಕ್ಕೆ ಕನಿಷ್ಠ 45 ಗಂಟೆ ಎಂದು ನಿಗದಿ ಮಾಡುವಾಗ, ಪಾಠದ ಸಿದ್ಧತೆಯ ಕಾಲವನ್ನೂ ಅದರೊಳಗೆ ಸೇರಿಸಿದೆ. ಅಂದರೆ ಸಿದ್ಧತೆಯು ಅಧ್ಯಾಪಕರು ಮನೆಯಲ್ಲಿ ಮಾಡುವ ಉಪಕಾರವಲ್ಲ, ಕರ್ತವ್ಯದ ಅವಧಿಯ ಭಾಗ. ಆ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆ 40 ನಿಮಿಷಗಳನ್ನು ಒಟ್ಟಿಗೆ ಕಳೆಯುವಂತೆ ವೇಳಾಪಟ್ಟಿ ಮಾಡಲು ಹೊಸ ಹಣವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಒಂದೇ ಕಟ್ಟಡದ ಮುಖ್ಯಾಧ್ಯಾಪಕರು ಪರಸ್ಪರ ಮಾತಾಡಿಕೊಳ್ಳಬೇಕಾಗುತ್ತದೆ. ಬೆಳಗಿನ ಪಾಳಿಯವರು ಹೊರಡುವ ಮತ್ತು ಮಧ್ಯಾಹ್ನದವರು ಬರುವ ನಡುವಿನ ಹೊತ್ತು ಇದಕ್ಕೆ ತಕ್ಕದ್ದು. ಇಬ್ಬರಲ್ಲಿ ಒಬ್ಬರಿಗೆ ಸ್ವಲ್ಪ ತೊಂದರೆಯಾಗುವುದು ಖಂಡಿತ. ಆ ತೊಂದರೆಯನ್ನು ಸರದಿಯ ಮೇಲೆ ಹಂಚಿಕೊಳ್ಳಬೇಕು.

ಗಣಿತ, ವಿಜ್ಞಾನಗಳಿಗೆ ಹೀಗೆ ನೆರೆಯ ಮಹಡಿಯೇ ಸಾಕಾದರೂ ಕನ್ನಡ ಭಾಷೆಯ ಪಾಠಕ್ಕೆ ಸಾಲದು. ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಒತ್ತಕ್ಷರ ಕಲಿಯುವ ಮಗುವಿನ ತೊಡಕನ್ನು ತೆಲುಗು ಅಧ್ಯಾಪಕಿ ಒಂದು ಮಟ್ಟದವರೆಗೆ ಮಾತ್ರ ಅರಿಯಬಲ್ಲರು. ಇಲ್ಲಿ ನೆರವಿಗೆ ಬರುವವರು ದೂರದಲ್ಲಿದ್ದಾರೆ. ಮಹಾರಾಷ್ಟ್ರದ ಗಡಿಭಾಗದ ಜತ್ತ ಮತ್ತು ಅಕ್ಕಲಕೋಟೆ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಅವರು ಕಲಿಸುವುದೂ ಬಾಲಭಾರತಿಯ ಅದೇ ಕನ್ನಡ ಪುಸ್ತಕವನ್ನು. ಅಲ್ಲಿನ ಮಗುವಿಗೆ ಕನ್ನಡ ಹೊಲದಲ್ಲಿಯೂ ಕೇಳಿಸುತ್ತದೆ, ಸಾಂತಾಕ್ರೂಜ್‌ನ ಮಗುವಿಗೆ ಕೇಳಿಸುವುದಿಲ್ಲ. ಒಂದೇ ಪಾಠದ ಪ್ರಶ್ನೆಗಳಿಗೆ ಎರಡೂ ಕಡೆಯ ಮಕ್ಕಳು ಬರೆದ ಉತ್ತರಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಪರಸ್ಪರ ಕಳುಹಿಸಿಕೊಂಡರೆ, ಯಾವ ಶಬ್ದ ಪುಸ್ತಕದಲ್ಲಿಯೇ ಕ್ಲಿಷ್ಟವಾಗಿದೆ, ಯಾವುದು ನಗರದ ಮಗುವಿಗೆ ಮಾತ್ರ ಅಪರಿಚಿತ ಎಂಬುದು ತಿಳಿದುಬರುತ್ತದೆ. ಕಲೀನಾದ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಇಂತಹ ಶಬ್ದಗಳ ಪಟ್ಟಿ ಮಾಡುವುದು ಒಳ್ಳೆಯ ಕ್ಷೇತ್ರಕಾರ್ಯವೂ ಆದೀತು.

ಆರಂಭಿಸುವವರು ಮೊದಲ ವರ್ಷಕ್ಕೆ ಒಂದೇ ವಿಷಯವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಅಥವಾ ಮೂರನೆಯ ಇಯತ್ತೆಯ ಸ್ಥಾನಬೆಲೆ ಇದಕ್ಕೆ ಅನುಕೂಲ. ಪಾಠ ಎಲ್ಲ ಮಾಧ್ಯಮಗಳಲ್ಲಿಯೂ ಇದೆ, ತಪ್ಪುಗಳು ಸುಲಭವಾಗಿ ಕಾಣುತ್ತವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೂರನೆಯ ವಾರದಲ್ಲಿ ಎಲ್ಲ ಮಾಧ್ಯಮದ ಮಕ್ಕಳಿಗೂ ಅವೇ 10 ಸಂಖ್ಯೆಗಳ ಉಕ್ತಲೇಖನವನ್ನೂ ಅವೇ 5 ವ್ಯವಕಲನಗಳನ್ನೂ ಕೊಡಬೇಕು. ಸಂಖ್ಯೆಗಳಲ್ಲಿ 21, 29, 70, 80, 105 ಇರಲಿ. ಲೆಕ್ಕಗಳಲ್ಲಿ ದಶಕ ಬಿಡಿಸಿ ಕಳೆಯುವಂಥವು ಮೂರಾದರೂ ಇರಲಿ. ಅಂಕ ಹಾಕದೆ, ಮಕ್ಕಳ ಹೆಸರು ಬೇರೆಯವರಿಗೆ ಕಾಣದಂತೆ ಮಡಿಚಿ, ಹಾಳೆಗಳನ್ನು ತಪ್ಪಿನ ಬಗೆಗೆ ಅನುಸಾರವಾಗಿ ರಾಶಿ ಮಾಡಬೇಕು. ದೀಪಾವಳಿ ರಜೆಗೆ ಮೊದಲು ಅದೇ ಉಕ್ತಲೇಖನವನ್ನೂ ಲೆಕ್ಕಗಳನ್ನೂ ಇನ್ನೊಮ್ಮೆ ಕೊಟ್ಟು, ಜೂನಿನ ರಾಶಿಗಳ ಪಕ್ಕದಲ್ಲಿ ಹೊಸ ರಾಶಿಗಳನ್ನು ಇಟ್ಟು ನೋಡಬೇಕು.